ಬಡಿಸುವವಳ ಮೊಣಕಾಲು

ಚಂದ್ರಾವತಿಯಮ್ಮನ ಬಾಯಲ್ಲಿ ಎರಡು ಶಬ್ದ ಯಾವಾಗಲೂ ಸಿದ್ಧವಾಗಿರುತ್ತಿದ್ದವು: "ಎಂತ ಇಲ್ಲ." ಜ್ವರ ಬಂದು ಕಣ್ಣು ಕೆಂಪಾಗಿದ್ದರೂ ಎಂತ ಇಲ್ಲ. ಕೈಗೆ ಕುದಿಯುವ ಎಣ್ಣೆ ಸಿಡಿದು ಬೊಬ್ಬೆ ಎದ್ದರೂ ಎಂತ ಇಲ್ಲ. ಆ ಎರಡು ಶಬ್ದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾನು ಮೊದಲೇ ಸಿಡುಕ. ನೋವನ್ನು ಮುಚ್ಚಿಡುವವರನ್ನು ಕಂಡರೆ ಇನ್ನಷ್ಟು ಸಿಡುಕುತ್ತೇನೆ.

ನನ್ನ ಹೆಸರು ವಿಠಲ, ಮೈಸೂರಿನವನು. ೧೯೬೭ರಲ್ಲಿ ಅಂಬಲಮುಗಳಿನ ಎಣ್ಣೆ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಒತ್ತಡ, ಬಿಸಿ, ಹರಿವು ಇವನ್ನೆಲ್ಲ ಅಳೆಯುವ ಮೀಟರುಗಳು ಕೆಟ್ಟರೆ ಸರಿಮಾಡುವ ಕೆಲಸ. ಹದಿನೈದು ದಿನ ಹೋಟೆಲಿನಲ್ಲಿ ಉಂಡು ಹೊಟ್ಟೆ ಕೆಡಿಸಿಕೊಂಡಿದ್ದೆ. ಒಂದು ದಿನ ಬಸ್ಸಿನಲ್ಲಿ ನನ್ನ ಕೈಯಲ್ಲಿದ್ದ ಕನ್ನಡ ಪತ್ರಿಕೆ ನೋಡಿ ಪಕ್ಕದಲ್ಲಿದ್ದವನು, "ನಮ್ಮೋರಾ? ಊಟ ಎಲ್ಲಿ?" ಎಂದು ಕೇಳಿದ. ಅವನು ಬ್ಯಾಂಕಿನ ಗುಮಾಸ್ತ ಜನಾರ್ದನ. ಅಂದು ಸಂಜೆಯೇ ನನ್ನನ್ನು ಎರ್ನಾಕುಲಂನ ಚಿಟ್ಟೂರು ರಸ್ತೆಯಲ್ಲಿದ್ದ ಚಂದ್ರಾವತಿಯಮ್ಮನ ಮೆಸ್ಸಿಗೆ ಎಳೆದುಕೊಂಡು ಹೋದ.

ಹಳೆಯ ಹೆಂಚಿನ ಮನೆ, ಎರಡು ಸಾಲು ಮಣೆ, ಹದಿನಾಲ್ಕು ಜನ. ಬ್ಯಾಂಕಿನವರು, ಕಸ್ಟಮ್ಸಿನವರು, ಅಂಚೆಯವರು, ಎಲ್ಲ ಕನ್ನಡದವರೇ. ಅಲ್ಲಿ ಯಾರೂ "ಸಾಕು" ಎನ್ನಬೇಕಾಗಿರಲಿಲ್ಲ. ಎಲೆಯ ಮೇಲೆ ನಮ್ಮ ಕೈ ನಿಧಾನವಾದರೆ ಆಕೆಗೆ ತಿಳಿಯುತ್ತಿತ್ತು. ಸೌತೆಕಾಯಿ ಹುಳಿ, ಬಸಳೆ, ತಂಬುಳಿ. ಮೈಸೂರಿನ ಸಾರು ಬೇಕೆಂದು ನಾನು ಗೊಣಗಿದ್ದು ಒಂದೇ ಸಲ. ಮರುದಿನದಿಂದ ನನಗೊಬ್ಬನಿಗೆ ಬೇರೆ ಸಣ್ಣ ಪಾತ್ರೆಯಲ್ಲಿ ಸಾರು ಬಂತು. ನಾವು ಉಣ್ಣುವಷ್ಟು ಹೊತ್ತೂ ಆಕೆ ನಿಂತೇ ಇರುತ್ತಿದ್ದರು. ಐದು ವರ್ಷದಲ್ಲಿ ನಾನು ಅವರು ಕೂತದ್ದನ್ನು ನೋಡಲಿಲ್ಲ.

ಅವರು ಕಾಸರಗೋಡು ಸೀಮೆಯ ಕುಂಬಳೆಯವರು. ಗಂಡ ಸುಬ್ರಾಯರು ಕೋರ್ಟಿನಲ್ಲಿ ಅನುವಾದದ ಗುಮಾಸ್ತರಾಗಿದ್ದರು. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿನ ಮೊಕದ್ದಮೆಗಳು ಎರ್ನಾಕುಲಂನ ಹೈಕೋರ್ಟಿಗೆ ಬರತೊಡಗಿದವು. ಕನ್ನಡದಲ್ಲಿ ಬರೆದ ಹಳೆಯ ಕ್ರಯಪತ್ರ, ವಿಭಾಗಪತ್ರಗಳನ್ನು ಇಂಗ್ಲಿಷಿಗೆ ಇಳಿಸಲು ಒಬ್ಬರು ಬೇಕಿತ್ತು, ಹಾಗೆ ಇವರು ಬಂದರು. ೧೯೬೧ರಲ್ಲಿ ಸುಬ್ರಾಯರು ಆಫೀಸಿನಿಂದ ಬಂದವರು ಅಂಗಿ ಬಿಚ್ಚುವ ಮೊದಲೇ ಎದೆ ಹಿಡಿದುಕೊಂಡು ಕುಸಿದರು. ಮಕ್ಕಳಿರಲಿಲ್ಲ. ಹದಿಮೂರನೆಯ ದಿನ ಅಣ್ಣ ಗಣಪತಿ ಕರೆದೊಯ್ಯಲು ಬಂದ. "ನಮ್ಮಲ್ಲಿ ನಿನಗೆ ಒಂದು ಮೂಲೆ ಇಲ್ವಾ?" ಎಂದ.

"ಅಣ್ಣ ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಮೂಲೆ ಅಂದದ್ದು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು ಮಾರಾಯ" ಎಂದು ಚಂದ್ರಾವತಿಯಮ್ಮ ಒಮ್ಮೆ ನನಗೆ ಹೇಳಿದ್ದರು. ಅವರು ಹೋಗಲಿಲ್ಲ. ಗಂಡನ ಸ್ನೇಹಿತರಾಗಿದ್ದ ನಾಲ್ಕು ಜನಕ್ಕೆ ಅಡುಗೆ ಮಾಡಿ ಹಾಕಿದರು. ನಾಲ್ಕು ಹದಿನಾಲ್ಕಾಯಿತು.

ಮೊಣಕಾಲಿನ ವಿಷಯ ನನಗೆ ಗೊತ್ತಾದದ್ದು ಆಕಸ್ಮಿಕವಾಗಿ. ಅಡುಗೆಮನೆಯಿಂದ ಬಾವಿಕಟ್ಟೆಗೆ ಇಳಿಯಲು ಮೂರು ಮೆಟ್ಟಿಲು. ಒಂದು ಭಾನುವಾರ ಕೈ ತೊಳೆಯಲು ತಡವಾಗಿ ಹೋದೆ. ಚಂದ್ರಾವತಿಯಮ್ಮ ಪಾತ್ರೆ ಹೊತ್ತು ಆ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಒಂದು ಕೈ ಗೋಡೆಯ ಮೇಲೆ, ಮುಖ ಅಡುಗೆಮನೆಯ ಕಡೆಗೆ, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿಕೊಂಡು. ನನ್ನನ್ನು ಕಂಡ ಕೂಡಲೇ ತಿರುಗಿ ನೆಟ್ಟಗೆ ನಿಂತರು.

"ಏನಮ್ಮ ಇದು, ಕಾಲು ನೋವಾ?"

"ಎಂತ ಇಲ್ಲ. ಅಭ್ಯಾಸ."

ಹಿಂದೆ ನಡೆಯುವ ಅಭ್ಯಾಸ ಯಾರಿಗಾದರೂ ಇರುತ್ತದೆಯೇ! ನಾನು ಎರಡು ಮಾತು ಬೈದೆ. ಅವರು ನಕ್ಕು, ರಾತ್ರಿಗೆ ಹಪ್ಪಳ ಕರಿಯಲೋ ಸುಡಲೋ ಎಂದು ಕೇಳಿದರು.

೧೯೭೨ರಲ್ಲಿ ನನಗೆ ತಿರುವನಂತಪುರದ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸವಾಯಿತು. ಅದೇ ವರ್ಷ ಮದುವೆಯೂ ಆಯಿತು, ಕಮಲ ಬಂದಳು. ಎರಡು ವರ್ಷದ ನಂತರ ಪ್ರೊಫೆಸರ್ ಹರಿನಾರಾಯಣ ಅವರು ನನ್ನನ್ನು ಕರೆದು, "ವಿಠಲ, ಇಷ್ಟು ದಿನ ಕೊಳವೆಯಲ್ಲಿ ಹರಿಯುವ ಎಣ್ಣೆ ಅಳೆದೆ. ಇನ್ನು ಮನುಷ್ಯನ ನಡಿಗೆ ಅಳೆಯಬೇಕು" ಎಂದರು. ಆಸ್ಪತ್ರೆಯ ಮೂಳೆ ಡಾಕ್ಟರು ಪರಮೇಶ್ವರ ಮತ್ತು ಇವರು ಸೇರಿ ಮೊಣಕಾಲಿನ ಸಂಶೋಧನೆ ಶುರುಮಾಡಿದ್ದರು. ಸವೆದ ಮೊಣಕಾಲು ಎಷ್ಟು ಭಾರ ಹೊರುತ್ತದೆ, ಕೃತಕ ಕೀಲು ಹಾಕಿದ ಮೇಲೆ ಎಷ್ಟು ಹೊರುತ್ತದೆ ಎಂದು ಅಂಕಿಯಲ್ಲಿ ತೋರಿಸುವುದು ಅವರ ಆಸೆ.

ನಾನು ಹಳೆಯ ವರ್ಕ್‌ಶಾಪಿನ ಹಾಲಿನಲ್ಲಿ ಉದ್ದನೆಯ ಮರದ ಹಾದಿ ಕಟ್ಟಿದೆ. ಅದರ ನಡುವೆ ಒಂದು ಉಕ್ಕಿನ ಹಲಗೆ, ಅದರ ಕೆಳಗೆ ನಾಲ್ಕು ಉಕ್ಕಿನ ಬಳೆ, ಬಳೆಗಳಿಗೆ ಅಂಟಿಸಿದ ಕೂದಲಿನಷ್ಟು ತೆಳ್ಳಗಿನ ತಂತಿ. ಹಲಗೆಯ ಮೇಲೆ ಕಾಲಿಟ್ಟರೆ ಪಕ್ಕದ ಕೋಣೆಯಲ್ಲಿ ಪೆನ್ನು ಅಲುಗಾಡಿ, ಸುರುಳಿಯಿಂದ ಬಿಚ್ಚಿಕೊಳ್ಳುವ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಹಲಗೆ ಎಲ್ಲಿದೆ ಎಂದು ಗೊತ್ತಾದರೆ ಜನ ಅದಕ್ಕೆ ಗುರಿಯಿಟ್ಟು ಹೆಜ್ಜೆ ಹಾಕುತ್ತಾರೆ, ಹಾಗಾಗಿ ಹಾದಿಯುದ್ದಕ್ಕೂ ತೆಂಗಿನ ನಾರಿನ ಚಾಪೆ ಹಾಸಿದ್ದೆ. ಚೆನ್ನಾಗಿರುವ ಕಾಲು ಕಾಗದದ ಮೇಲೆ ಎರಡು ಗುಡ್ಡ ಬರೆಯುತ್ತದೆ. ಹಿಮ್ಮಡಿ ಊರಿದಾಗ ಒಂದು, ಬೆರಳೊತ್ತಿ ಮುಂದೆ ಹೋಗುವಾಗ ಇನ್ನೊಂದು, ನಡುವೆ ತಗ್ಗು. ನೋಯುವ ಕಾಲು ಹೆದರಿ ಹೆದರಿ ಊರುವುದರಿಂದ ಗುಡ್ಡ ಏಳುವುದೇ ಇಲ್ಲ, ಮಗುಚಿ ಹಾಕಿದ ಹರಿವಾಣದ ಹಾಗೆ ಚಪ್ಪಟೆ.

೧೯೭೫ರ ಮಳೆ ಮುಗಿಯುವ ಹೊತ್ತಿಗೆ ಆರು ಕೃತಕ ಕೀಲುಗಳು ಬರುವುದು ಖಾತ್ರಿಯಾಯಿತು. ಮೇಲೆ ಲೋಹದ ಟೋಪಿ, ಕೆಳಗೆ ಪ್ಲಾಸ್ಟಿಕ್ಕಿನ ಪೀಠ. ಆರೇ ಆರು. ಯಾರಿಗೆ ಹಾಕಬೇಕೆಂದು ಅಳತೆ ನೋಡಿ ತೀರ್ಮಾನ ಮಾಡುವುದೆಂದು ಪ್ರೊಫೆಸರರೂ ಡಾಕ್ಟರೂ ನಿಶ್ಚಯಿಸಿದ್ದರು. ಒಂದು ವರ್ಷದಲ್ಲಿ ಅರವತ್ತು ಜನರನ್ನು ನಡೆಸಿ ನೋಡಿದ್ದೆವು, ಅದರಲ್ಲಿ ಮೂವತ್ತೆಂಟು ಹೆಂಗಸರು. ಆದರೂ ಪಟ್ಟಿಯಲ್ಲಿ ಮೇಲಿದ್ದ ಆರು ಜನರಲ್ಲಿ ಐವರು ಗಂಡಸರು. ನಮಗೆ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಗಂಡಸರು ಚೆನ್ನಾಗಿ ನರಳಿದ್ದರು. ಒಬ್ಬ ನಿವೃತ್ತ ತಹಸೀಲ್ದಾರರಂತೂ ಹಾದಿಯುದ್ದಕ್ಕೂ ಭಗವತಿಯನ್ನು ಕರೆದುಕೊಂಡೇ ನಡೆದಿದ್ದರು.

ಆ ದಿನಗಳಲ್ಲೇ ನಾನು ಕೆಲಸದ ಮೇಲೆ ಎರ್ನಾಕುಲಂಗೆ ಹೋದವನು ಮೆಸ್ಸಿಗೂ ಹೋದೆ. ಹದಿನಾಲ್ಕು ಮಣೆ ಆರಾಗಿತ್ತು. ಚಂದ್ರಾವತಿಯಮ್ಮನ ಬಲಗಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿತ್ತು. ಆರು ಜನಕ್ಕಿಂತ ಹೆಚ್ಚು ಮಂದಿಗೆ ಓಡಾಡಿ ಬಡಿಸಲು ಆಗದೆ ಹೊಸಬರನ್ನು ಅವರೇ ಬೇಡವೆನ್ನುತ್ತಿದ್ದರು ಎಂದು ಜನಾರ್ದನ ಹೇಳಿದ. ದೀಪಾವಳಿಯ ನಂತರ ಬಂದು ಕರೆದೊಯ್ಯುತ್ತೇನೆಂದು ಗಣಪತಿಯ ಕಾಗದವೂ ಬಂದಿತ್ತು. ಈ ಸಲ ಚಂದ್ರಾವತಿಯಮ್ಮ ಬರುವುದಿಲ್ಲವೆಂದು ಬರೆದಿರಲಿಲ್ಲ.

"ಹಾಗಾದ್ರೆ ಕುಂಬಳೆಗೆ ಹೋಗ್ತೀರಾ?" ಎಂದೆ.

ಅವರು ಬಹಳ ಹೊತ್ತು ಬಟ್ಟಲು ಒರೆಸಿದರು. "ಹೋಗ್ಲಿಕ್ಕೆ ಮನಸ್ಸಿಲ್ಲ ವಿಠಲ. ಅಲ್ಲಿ ನನಗೆ ಬಡಿಸುವವರು ಇದ್ದಾರೆ. ನಾನು ಬಡಿಸ್ಲಿಕ್ಕೆ ಯಾರಿದ್ದಾರೆ?"

ಅವರು ಬಾಯಿಬಿಟ್ಟು ಬೇಕು ಎಂದದ್ದು ಅದೊಂದೇ. ಆ ಮೊಣಕಾಲು ನೆಟ್ಟಗಾದರೆ ಮೆಸ್ಸು, ಇಲ್ಲವಾದರೆ ಕುಂಬಳೆಯ ಮೂಲೆ. ನಾನು ಅವರನ್ನು ತಿರುವನಂತಪುರಕ್ಕೆ ಹೊರಡಿಸಿಯೇ ಬಿಟ್ಟೆ.

ಬಂದದ್ದು ಗುರುವಾರ. ನಮ್ಮ ಕ್ವಾರ್ಟರ್ಸಿನಲ್ಲಿ ಕಮಲಳ ಜೊತೆ ಉಳಿದರು. ಶುಕ್ರವಾರ ಬೆಳಿಗ್ಗೆ ಪರೀಕ್ಷೆ, ಶನಿವಾರ ಹತ್ತು ಗಂಟೆಗೆ ಪಟ್ಟಿ ಅಂತಿಮ. ಇಷ್ಟು ಜನ ತಮಗಾಗಿ ತೊಂದರೆ ತೆಗೆದುಕೊಳ್ಳುವಾಗ ಬರಿಗೈಯಲ್ಲಿ ಹೋಗುವುದು ಹೇಗೆಂದು, ಶುಕ್ರವಾರ ಬೆಳಗಿನ ಜಾವವೇ ಎದ್ದು ಆರು ಜನಕ್ಕೆ ಊಟ ಮಾಡಿ ಪಾತ್ರೆಗಳಲ್ಲಿ ತುಂಬಿಸಿಕೊಂಡರು. ನಾನು ಬೇಡವೆಂದೆ. ನನ್ನ ಮಾತನ್ನು ಯಾರು ಕೇಳುತ್ತಾರೆ?

ಡಾಕ್ಟರ್ ಪರಮೇಶ್ವರ ಒಳ್ಳೆಯವರು. ಮಲಯಾಳದಲ್ಲಿ ಮೃದುವಾಗಿ ಕೇಳಿದರು. ನೋವಿದೆಯೇ? ಇಲ್ಲ. ಮೆಟ್ಟಿಲು ಹತ್ತುತ್ತೀರಾ? ಹತ್ತುತ್ತೇನೆ. ಇಳಿಯುವಾಗ? ಇಳಿಯುತ್ತೇನೆ. ಎಷ್ಟು ದೂರ ನಡೆಯುತ್ತೀರಿ? ಬೇಕಾದಷ್ಟು. ನಾನು ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ. ಡಾಕ್ಟರು ಮೊಣಕಾಲನ್ನು ಒತ್ತಿ ಮಡಚಿ ನೋಡಿದರು; ಹಣೆಯಲ್ಲಿ ಬೆವರು ಒಡೆದರೂ ಆಕೆಯ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ನೋವು: ಸ್ವಲ್ಪ" ಎಂದು ಬರೆದುಕೊಂಡರು.

ಆಗಲಿ, ನನ್ನ ಹಲಗೆ ಸುಳ್ಳು ಹೇಳುವುದಿಲ್ಲ ಎಂದುಕೊಂಡೆ. ಚಂದ್ರಾವತಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆ ಎತ್ತಿ ಹಾದಿಯ ಮೇಲೆ ನಡೆದರು. ಪ್ರೊಫೆಸರು, ಡಾಕ್ಟರು, ಇಬ್ಬರು ವಿದ್ಯಾರ್ಥಿಗಳು ನೋಡುತ್ತಿದ್ದರು. ಪಕ್ಕದ ಕೋಣೆಗೆ ಓಡಿ ಕಾಗದ ನೋಡಿದರೆ ಎರಡು ಗುಡ್ಡ! ಆ ಸವೆದ ಕಾಲಿನಲ್ಲಿ, ಹಲ್ಲು ಕಚ್ಚಿ, ನಾಲ್ಕು ಗಂಡಸರ ಎದುರು ಆಕೆ ಚೆನ್ನಾಗಿರುವವರ ಹಾಗೆ ನಡೆದುಬಿಟ್ಟಿದ್ದರು.

"ಇವರಿಗಿಂತ ಕಷ್ಟದಲ್ಲಿರುವವರಿದ್ದಾರೆ ವಿಠಲ" ಎಂದರು ಡಾಕ್ಟರು. ನನ್ನ ಕೈಯಲ್ಲಿದ್ದ ಕಾಗದವೂ ಅದನ್ನೇ ಹೇಳುತ್ತಿತ್ತು.

ಹಿಂದಿನ ಜಗಲಿಯಲ್ಲಿ ಅವರನ್ನು ಹಿಡಿದೆ. "ಯಾಕಮ್ಮ ಹೀಗ್ಮಾಡಿದ್ರಿ? ನೋವಿಲ್ಲ ಅನ್ನೋಕೆ ಇಲ್ಲೀವರೆಗೂ ಬರಬೇಕಾಗಿತ್ತಾ?"

"ದೊಡ್ಡವರ ಎದುರು ನರಳುದಾ? ಅಷ್ಟು ಮರ್ಯಾದೆ ಇಲ್ವಾ ನನಗೆ?" ಎಂದರು. "ಮತ್ತೆ ಅವರು ಈಗ ಊಟಕ್ಕೆ ಕೂರುವವರು. ಬಡಿಸುವವಳ ಕಾಲು ನೋಯ್ತದೆ ಅಂತ ಗೊತ್ತಾದರೆ ಅವರಿಗೆ ಎರಡನೇ ಸಲ ಅನ್ನ ಕೇಳ್ಲಿಕ್ಕೆ ಬಾಯಿ ಬರ್ತದಾ?"

ನನ್ನ ತಲೆ ಕೆಟ್ಟುಹೋಯಿತು. ಇನ್ನು ಅಲ್ಲಿದ್ದರೆ ಏನಾದರೂ ಅನ್ನುತ್ತೇನೆಂದು ಹೊರಗೆ ಹೋಗಿ ಹಲಸಿನ ಮರದ ಕೆಳಗೆ ನಿಂತೆ. ಊಟಕ್ಕೂ ಹೋಗಲಿಲ್ಲ. ಒಳಗೆ ಎಲ್ಲರೂ ಹಾಲಿನ ಒಂದು ತುದಿಯಲ್ಲಿ ಬೆಂಚಿನ ಮೇಲೆ ಕೂತು ಉಂಡರು. ಪಾತ್ರೆಗಳಿದ್ದದ್ದು ಇನ್ನೊಂದು ತುದಿಯಲ್ಲಿ. ನಡುವೆ ನನ್ನ ನಾರಿನ ಚಾಪೆಯ ಹಾದಿ.

ಮೂರು ಗಂಟೆಗೆ ಯಂತ್ರದ ಕೋಣೆಗೆ ಹೋದರೆ ಕಾಗದದ ಸುರುಳಿ ಪೂರ್ತಿ ಬಿಚ್ಚಿ ನೆಲದ ಮೇಲೆ ರಾಶಿ ಬಿದ್ದಿತ್ತು. ಸಿಟ್ಟಿನಲ್ಲಿ ಪೆನ್ನು ನಿಲ್ಲಿಸುವುದನ್ನೇ ಮರೆತು ಹೋಗಿದ್ದೆ. ಮುಕ್ಕಾಲು ಗಂಟೆ ಅದು ಓಡಿತ್ತು. ಅಂಥ ಸುರುಳಿ ತರಿಸಲು ತಿಂಗಳುಗಟ್ಟಲೆ ಕಾಯಬೇಕು, ಪ್ರೊಫೆಸರರಿಗೆ ಏನು ಹೇಳುವುದೆಂದು ತಲೆ ಚಚ್ಚಿಕೊಳ್ಳುತ್ತ ಸುತ್ತತೊಡಗಿದೆ. ಸುತ್ತುತ್ತ ನಿಂತುಬಿಟ್ಟೆ.

ಮೊದಲ ಹತ್ತು ಮಾರು ಎರಡೆರಡು ಗುಡ್ಡ, ಒಂದರ ಹಿಂದೆ ಒಂದು, ಪುಸ್ತಕದಲ್ಲಿ ಅಚ್ಚುಹಾಕಬಹುದಾದಂಥವು. ಅದು ಬಡಿಸುವ ಹೊತ್ತು. ಆಮೇಲೆ ಗಂಡಸರು ಆಚೆ ಬಾಗಿಲಿಂದ ಕೈ ತೊಳೆಯಲು ಹೊರಗೆ ಹೋಗಿದ್ದಾರೆ, ಹಾಲಿನಲ್ಲಿ ಆಕೆ ಒಬ್ಬರೇ ಎಲೆ ಎತ್ತಿದ್ದಾರೆ. ಅಲ್ಲಿಂದ ಒಂದೇ ಒಂದು ಗುಡ್ಡವಿಲ್ಲ. ಬಲಗಾಲು ಬಿದ್ದಲ್ಲೆಲ್ಲ ಚಪ್ಪಟೆ ಗೆರೆ, ನಡುಗುವ ಗೆರೆ. ಒಂದು ಕಡೆ ಭಾರ ಹಲಗೆಯ ಮೇಲೆ ಬಿದ್ದು ಎಷ್ಟೋ ಹೊತ್ತು ಅಲ್ಲೇ ನಿಂತಿತ್ತು. ಅರವತ್ತು ಜನರನ್ನು ಅಳೆದ ನಾನು ಅಷ್ಟು ಕೆಟ್ಟ ಹೆಜ್ಜೆ ನೋಡಿರಲಿಲ್ಲ. ನನಗೆ ಅಳು ಬಂತು, ಹೇಳಲು ನಾಚಿಕೆಯೇನಿಲ್ಲ.

ಪ್ರೊಫೆಸರರ ಮೇಜಿನ ಮೇಲೆ ಕಾಗದ ಹರಡಿದೆ. ಅವರು ಕೊನೆಯ ಭಾಗ ನೋಡಿ, "ಇದು ಯಾವ ರೋಗಿ? ಇವರು ಪಟ್ಟಿಯಲ್ಲಿ ಯಾಕಿಲ್ಲ?" ಎಂದರು. ಇಂದು ನಿಮಗೆ ಪಾಯಸ ಬಡಿಸಿದವರು ಎಂದೆ. ಅವರು ಕನ್ನಡಕ ತೆಗೆದು ಕೂತರು. ಆಮೇಲೆ ಕಪಾಟಿನಲ್ಲಿದ್ದ ಮೂವತ್ತೆಂಟು ಹೆಂಗಸರ ಕಡತಗಳ ಕಡೆ ನೋಡಿದರು.

"ಇವರೆಲ್ಲರೂ ನಮ್ಮೆದುರು ಹೀಗೇ ನಡೆದಿರಬೇಕು" ಎಂದರು. "ಒಂದು ವರ್ಷ ನಾವು ಮೊಣಕಾಲು ಅಳೆದಿಲ್ಲ ವಿಠಲ, ಇವರ ಸಂಕೋಚ ಅಳೆದಿದ್ದೇವೆ." ಆದರೆ ಕದ್ದು ಸಿಕ್ಕಿದ ಅಳತೆಯನ್ನು ಆಕೆಯ ಒಪ್ಪಿಗೆ ಇಲ್ಲದೆ ಡಾಕ್ಟರರ ಮುಂದೆ ಇಡುವುದಿಲ್ಲವೆಂದೂ ಹೇಳಿದರು. ನಾಳೆ ಹತ್ತು ಗಂಟೆಯೊಳಗೆ ಕೇಳಿಕೊಂಡು ಬಾ ಎಂದರು.

ಸಂಜೆ ಮನೆಗೆ ಹೋಗಿ ಹೇಳಿದೆ. ಚಂದ್ರಾವತಿಯಮ್ಮ ಕಮಲಳಿಗೆ ತೆಂಗಿನಕಾಯಿ ತುರಿದು ಕೊಡುತ್ತಿದ್ದರು. ಕೈ ನಿಂತಿತು.

"ನಾನು ಒಬ್ಬಳೇ ಇದ್ದೇನೆ ಅಂತ ಎಣಿಸಿದಾಗ ನೀವು ನೋಡ್ತಾ ಇದ್ರಾ?"

"ನಾನು ನೋಡಿಲ್ಲಮ್ಮ, ಯಂತ್ರ ನಿಲ್ಲಿಸೋದು ಮರೆತೆ."

"ನೋಡಿದ ಹಾಗೇ ಆಯ್ತಲ್ಲ. ಬೇಡ. ಆ ಕಾಗದ ಹರಿದು ಬಿಸಾಡು. ನಾನು ನಾಳೆ ಬಸ್ಸಿಗೆ ಹೋಗ್ತೇನೆ."

ನಾನು ಬೇಡಿಕೊಂಡೆ, ಆಮೇಲೆ ವಾದಿಸಿದೆ, ಆಮೇಲೆ ನನ್ನ ಹಾಳು ನಾಲಿಗೆ ಹಿಡಿತ ತಪ್ಪಿತು. "ಹೋಗಿ. ಕುಂಬಳೆ ಮೂಲೆ ನಿಮಗೋಸ್ಕರ ಕಾದುಕೊಂಡಿದೆ. ಹೋಗಿ ಕೂತ್ಕೊಳ್ಳಿ" ಎಂದುಬಿಟ್ಟೆ.

ಆಕೆ ತುರಿಮಣೆ ಬದಿಗೆ ಸರಿಸಿದರು. ಗೋಡೆ ಹಿಡಿದು ಏಳಲು ನೋಡಿದರು, ಮೊದಲ ಸಲ ಆಗಲಿಲ್ಲ. ಕಮಲ ಹೋಗಿ ಎತ್ತಿದಳು. ಒಳಗೆ ಬಂದವಳೇ ನನ್ನ ಮೇಲೆ ಹರಿಹಾಯ್ದಳು. "ನಿಮಗೆ ಅನ್ನ ಹಾಕಿದೋರು ಕಣ್ರೀ ಅವರು. ಆ ಕಾಗದ ಏನೂಂತ ಅವರಿಗೊಂದು ಸಲ ತೋರಿಸಿದ್ರಾ? ಬರೀ ಬೈದ್ರಿ." ತೋರಿಸಿರಲಿಲ್ಲ. ನನಗೆ ಅದು ಹೊಳೆದೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಚಂದ್ರಾವತಿಯಮ್ಮ ಚೀಲ ಕಟ್ಟಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ಸುರುಳಿಯನ್ನು ಅವರ ಮಡಿಲಲ್ಲಿಟ್ಟೆ. "ನಿನ್ನೆ ಅಂದಿದ್ದಕ್ಕೆ ತಪ್ಪಾಯ್ತಮ್ಮ. ಇದು ನಿಮ್ಮದು. ಹರಿಯೋದಾದ್ರೆ ನೀವೇ ಹರೀರಿ. ಒಂದ್ಸಲ ನೋಡಿಬಿಡಿ" ಎಂದೆ. ಗೆರೆ ಓದುವುದು ಹೇಗೆಂದು ಹೇಳಿಕೊಟ್ಟೆ. ಭಾರ ಹೆಚ್ಚಿದ್ದರೆ ಗೆರೆ ಎತ್ತರ, ಕಾಲು ನೊಂದರೆ ಚಪ್ಪಟೆ.

ಅವರು ಮೊದಲು ಸುಮ್ಮನೆ ನೋಡಿದರು. ಆಮೇಲೆ ಬೆರಳಿಟ್ಟು ಓದತೊಡಗಿದರು. "ಇದು ಎತ್ತರ ಉಂಟು. ಅನ್ನದ ಪಾತ್ರೆ ತಂದದ್ದು... ಇದು ಹುಳಿ... ಇದು ಬರಿಗೈಯಲ್ಲಿ ಬಂದದ್ದು, ಉಪ್ಪು ಕೇಳಿದರಲ್ಲ ಒಬ್ಬರು." ಒಂದೂ ತಪ್ಪಲಿಲ್ಲ. ಕಾಗದ ಬಿಚ್ಚುತ್ತ ಬಿಚ್ಚುತ್ತ ಗುಡ್ಡಗಳು ಮುಗಿದವು. ಬೆರಳು ನಿಧಾನವಾಯಿತು. ಆ ಉದ್ದನೆಯ ನಡುಗುವ ಗೆರೆಯ ಮೇಲೆ ಬಂದು ನಿಂತಿತು.

"ಇಲ್ಲಿ ನಾನು ಕಂಬ ಹಿಡ್ಕೊಂಡು ನಿಂತೆ" ಎಂದರು. "ಇನ್ನು ಒಂದು ಹೆಜ್ಜೆ ಆಗುದಿಲ್ಲ ಅಂತ ಆಯ್ತು."

ನಾನು ಸುರುಳಿಯ ತುದಿ ಹಿಡಿದುಕೊಂಡೆ.

"ಹೀಗೆ ನಿಲ್ಲುದು ಹನ್ನೊಂದು ವರ್ಷ ಆಯ್ತು ವಿಠಲ. ಬಾವಿಕಟ್ಟೆ ಹತ್ತಿರ ನಿಲ್ತೇನೆ, ಅಡುಗೆಮನೆ ಬಾಗಿಲ ಹಿಂದೆ ನಿಲ್ತೇನೆ. ಇದು ಯಾರಿಗೂ ಗೊತ್ತಿಲ್ಲ ಅಂತ ಎಣಿಸಿದ್ದೆ." ಅವರ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಕಾಗದವನ್ನು ಹಪ್ಪಳದ ಹಿಟ್ಟಿನ ಬಟ್ಟೆ ಮಡಚುವ ಹಾಗೆ ಜೋಪಾನವಾಗಿ ಸುತ್ತಿದರು. "ಡಾಕ್ಟ್ರು ಎಷ್ಟು ಹೊತ್ತಿಗೆ ಬರ್ತಾರೆ?"

ಹತ್ತಕ್ಕೆ ಐದು ನಿಮಿಷ ಇರುವಾಗ ಅವರು ಡಾಕ್ಟರ್ ಪರಮೇಶ್ವರರ ಎದುರು ಕೂತರು. ಹದಿನೆಂಟು ವರ್ಷದಿಂದ ಮಲಯಾಳದಲ್ಲಿ ತರಕಾರಿ ಬುಟ್ಟಿಯವಳಿಂದ ಹಿಡಿದು ಮನೆ ಮಾಲೀಕನವರೆಗೆ ಎಲ್ಲರೊಡನೆ ಜಗಳಾಡಿ ಗೆದ್ದವರು ಅಂದು, "ನನಗೆ ನೋವು ಹೇಳ್ಲಿಕ್ಕೆ ಮಲಯಾಳ ಬರುದಿಲ್ಲ. ಕನ್ನಡದಲ್ಲಿ ಹೇಳ್ತೇನೆ, ನೀನು ಅವರಿಗೆ ಹೇಳು" ಎಂದರು. ಹೇಳಿದರು. ಮೆಟ್ಟಿಲು ಹಿಂದೆ ಹಿಂದೆ ಇಳಿಯುವುದು, ತುರಿಮಣೆಯಿಂದ ಏಳಲು ಬಾಗಿಲ ಚಿಲಕಕ್ಕೆ ಹಗ್ಗ ಕಟ್ಟಿಕೊಂಡದ್ದು, ಬಚ್ಚಲಿನಲ್ಲಿ ಕೂರಲಾರದೆ ಹಗಲು ನೀರು ಕುಡಿಯುವುದನ್ನೇ ಬಿಟ್ಟದ್ದು. ಕೊನೆಯದನ್ನು ಹೇಳುವಾಗ ನೆಲ ನೋಡುತ್ತಿದ್ದರು. ನಾನು ಇಂಗ್ಲಿಷಿಗೆ ಇಳಿಸುತ್ತ ಹೋದೆ. ಡಾಕ್ಟರು ಹಿಂದಿನ ದಿನದ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದುಕೊಂಡಿದ್ದರು.

ಎಲ್ಲ ಮುಗಿದ ಮೇಲೆ ಚಂದ್ರಾವತಿಯಮ್ಮ, "ಇನ್ನೊಂದು ಮಾತುಂಟು. ಬೇರೆ ಹೆಂಗಸರನ್ನು ಹೀಗೆ ಕದ್ದು ನೋಡ್ಬೇಡಿ. ಬಾಗಿಲು ಹಾಕಿ, ಹೆಂಗಸರ ಹತ್ತಿರ ಕೇಳಿಸಿ. ಹೇಳ್ತಾರೆ" ಎಂದರು.

ಪಟ್ಟಿ ಆ ಶನಿವಾರ ಮುಗಿಯಲಿಲ್ಲ. ಡಾಕ್ಟರು ಅದನ್ನು ಆರು ವಾರ ಮುಂದೂಡಿದರು. ಆಸ್ಪತ್ರೆಯಿಂದ ಸುಶೀಲ ಎಂಬ ನರ್ಸು ಬಂದು, ಬಾಗಿಲು ಹಾಕಿಕೊಂಡು ಒಬ್ಬೊಬ್ಬರನ್ನೇ ಕೇಳಿದಳು. ಆಮೇಲೆ ಎಲ್ಲರಿಗೂ ತಿಳಿಸಿಯೇ, ನಾವೆಲ್ಲ ಹಾಲಿನಿಂದ ಹೊರಗೆ ಹೋಗಿ ಒಬ್ಬೊಬ್ಬರನ್ನೇ ನಡೆಯಲು ಬಿಟ್ಟೆವು. ಕಡತಗಳು ತಲೆಕೆಳಗಾದವು. ಹೊಸ ಪಟ್ಟಿಯಲ್ಲಿ ನಾಲ್ವರು ಹೆಂಗಸರು, ಇಬ್ಬರು ಗಂಡಸರು. ತಹಸೀಲ್ದಾರರು ಕೇಳುವವರಿಲ್ಲದಾಗ ಭಗವತಿಯನ್ನು ಕರೆಯಲೇ ಇಲ್ಲ. ಎರಡು ಚಂದದ ಗುಡ್ಡ ಬರೆದು ಟೀ ಅಂಗಡಿಗೆ ಹೋದರು. ಪಟ್ಟಿಯಲ್ಲಿ ಎರಡನೆಯ ಹೆಸರು ಚಂದ್ರಾವತಿ.

೧೯೭೬ರ ಫೆಬ್ರವರಿಯಲ್ಲಿ ಅವರ ಬಲಗಾಲಿಗೆ ಕೀಲು ಹಾಕಿದರು. ಎರಡು ತಿಂಗಳು ಒದ್ದಾಟ. ಕಾಲು ಬಾಗಿಸುವ ವ್ಯಾಯಾಮ ಮಾಡಿಸುವಾಗ ವಾರ್ಡಿನವರೆಲ್ಲ ಕೂಗಿಕೊಳ್ಳುತ್ತಿದ್ದರು, ಇವರು ಮಾತ್ರ ಸುಶೀಲಳಿಗೆ ಉಪ್ಪಿನಕಾಯಿ ಹಾಕುವ ವಿಧಾನ ಹೇಳುತ್ತಿದ್ದರು. ಮೊಣಕಾಲು ಕುರ್ಚಿಯಲ್ಲಿ ಕೂರುವಷ್ಟು ಬಾಗಿತು, ನೆಲದಲ್ಲಿ ಕೂರುವಷ್ಟು ಬಾಗಲಿಲ್ಲ, ಇನ್ನು ಬಾಗುವುದೂ ಇಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ವರ್ಕ್‌ಶಾಪಿನಲ್ಲಿ ಮೇಜಿನ ಅಂಚಿಗೆ ಬಿಗಿಯುವ ತುರಿಮಣೆ ಮಾಡಿಕೊಟ್ಟೆ. ಅಷ್ಟು ದಿನ ಮೆಸ್ಸನ್ನು ಜನಾರ್ದನ ನಡೆಸಿದ್ದ. ಅವನ ಹುಳಿ ಉಂಡು ಉಳಿದವರಿಗೆ ಚಂದ್ರಾವತಿಯಮ್ಮನ ಬೆಲೆ ಚೆನ್ನಾಗಿ ತಿಳಿಯಿತು.

ದೀಪಾವಳಿಗೆ ಬರುವುದನ್ನು ಮುಂದೂಡಿದ್ದ ಗಣಪತಿ ಮೇ ತಿಂಗಳಲ್ಲಿ ಎರ್ನಾಕುಲಂಗೆ ಬಂದ; ಅಷ್ಟರಲ್ಲಿ ಮೆಸ್ಸಿಗೆ ಹೊಸಬರೂ ಸೇರಿದ್ದರು. ತಂಗಿ ಅವನಿಗೆ ಎಲೆ ಹಾಕಿ ಬಡಿಸಿದರು. ಬಡಿಸಿ, ಎದುರಿಗೆ ಒಂದು ಕುರ್ಚಿ ಎಳೆದುಕೊಂಡು ಕೂತರಂತೆ. "ಅಣ್ಣ, ಆ ಮೂಲೆಯಲ್ಲಿ ನೀನು ತೆಂಗಿನಕಾಯಿ ರಾಶಿ ಹಾಕು. ನನಗೆ ಇಲ್ಲಿ ಹನ್ನೆರಡು ಜನ ಇದ್ದಾರೆ" ಎಂದರಂತೆ. ಜನಾರ್ದನ ಕಾರ್ಡಿನಲ್ಲಿ ಇದನ್ನು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ.

ವರ್ಷ ಕಳೆದ ಮೇಲೆ, ೧೯೭೭ರ ಮಾರ್ಚಿನಲ್ಲಿ, ಅಳತೆಗೆ ಬಂದರು. ಕೈಯಲ್ಲಿ ಊಟದ ಪಾತ್ರೆಗಳು, ಅದನ್ನು ತಪ್ಪಿಸಲು ಯಾರಿಂದ ಸಾಧ್ಯ? ಪ್ರೊಫೆಸರು, ಡಾಕ್ಟರು, ವಿದ್ಯಾರ್ಥಿಗಳು ಹಾಲಿನಿಂದ ಹೊರಡಲು ಎದ್ದರು.

"ಎಲ್ಲಿಗೆ? ಕೂತ್ಕೊಳ್ಳಿ" ಎಂದರು ಚಂದ್ರಾವತಿಯಮ್ಮ. "ನೋಡಿ."

ಅವರು ಮತ್ತೆ ಕೂತರು. ಆಕೆ ಸೆರಗು ಸಿಕ್ಕಿಸಲಿಲ್ಲ, ತಲೆ ಎತ್ತಲಿಲ್ಲ, ಬೆಳಿಗ್ಗೆ ಬಾವಿಕಟ್ಟೆಗೆ ಹೋಗುವ ಹಾಗೆ ನಡೆದರು. ನಾನು ಪಕ್ಕದ ಕೋಣೆಯ ಬಾಗಿಲು ತೆರೆದಿಟ್ಟು ಪೆನ್ನಿನ ಮುಂದೆ ನಿಂತಿದ್ದೆ. ಬಲಗಾಲು ಬಿತ್ತು. ಎರಡು ಗುಡ್ಡ. ತಿರುಗಿ ಬಂದರು, ಎಡಗಾಲು ಬಿತ್ತು. ಚಪ್ಪಟೆ ಗೆರೆ.

ಕಾಗದ ಹಿಡಿದು ಹೊರಗೆ ಬಂದಾಗ ಡಾಕ್ಟರು ಇನ್ನೂ ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ, ಏನೂ ಕೇಳಿರಲಿಲ್ಲ. ಚಂದ್ರಾವತಿಯಮ್ಮ ಕುರ್ಚಿಯಲ್ಲಿ ಕೂತು, ಆ ನಾಲ್ಕು ಗಂಡಸರ ಮುಖ ನೋಡಿ ಮಲಯಾಳದಲ್ಲೇ, "ಬಲಗಾಲಿಗೆ ಏನೂ ಇಲ್ಲ. ಎಡಗಾಲು ನೋಯುತ್ತದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ತುಂಬಾ ನೋಯ್ತದೆ ವಿಠಲ. ಬರ್ಕೋ."

ನಾನು ಬರೆದುಕೊಂಡೆ. ಆಮೇಲೆ ಎಲ್ಲರೂ ಊಟಕ್ಕೆ ಕೂತರು, ಚಂದ್ರಾವತಿಯಮ್ಮನೂ ಕೂತರು. ಅಂದು ಬಡಿಸಿದವನು ನಾನು.